ದೇವಿಯ ಊರಿನ ರೊಕ್ಕ

ನಾನು ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದ ಹೊಸತು. ನನಗೆ ಜ್ವರ ಬಂದು ಇಳಿಯಲೊಲ್ಲದಾದಾಗ ಅತ್ತೆ ತುಳಜಾಪುರದ ಅಂಬಾಭವಾನಿಗೆ ಏಳು ರೂಪಾಯಿ ಹರಕೆ ಹೊತ್ತು, ಅರಿಶಿಣದ ಬಟ್ಟೆಯಲ್ಲಿ ಕಟ್ಟಿಟ್ಟರು. ಜ್ವರ ಬಿಟ್ಟಿತು. ಇಬ್ಬರೂ ಹೊರಟೆವು.

ತುಳಜಾಪುರ ಆಗ ಮೊಗಲಾಯಿಯಲ್ಲಿ, ಅಂದರೆ ನಿಜಾಮನ ರಾಜ್ಯದಲ್ಲಿತ್ತು. ನಮ್ಮ ಕಡೆ ನಡೆಯುತ್ತಿದ್ದುದು ಇಂಗ್ರೇಜಿ ರೂಪಾಯಿ. ಅಲ್ಲಿ ನಿಜಾಮನ ರೂಪಾಯಿ ನಡೆಯುತ್ತಿತ್ತು. ಸೊಲ್ಲಾಪುರದಲ್ಲಿ ರೊಕ್ಕ ಬದಲಿಸುವ ಸರಾಫ, ನಮ್ಮ ಆರು ರೂಪಾಯಿಗೆ ಅಲ್ಲಿಯ ಏಳು ಬರುತ್ತವೆ ಎಂದ. ಅತ್ತೆ ಹರಕೆಯ ಗಂಟು ಬಿಚ್ಚಿದರು.

"ಹರಕಿ ಗಂಟು ಬಿಚ್ಚಬಹುದೇನ್ರಿ ಅತ್ತಿ?" ಎಂದೆ.

"ಆಕಿ ಕುಂತದ್ದು ಮೊಗಲಾಯಿದಾಗ. ನಮ್ಮ ರೊಕ್ಕ ತೊಗೊಂಡು ಆಕಿ ಏನ್ ಮಾಡ್ತಾಳ? ಆಕಿ ಊರಾಗ ನಡಿಯೂದನ್ನ ಕೊಡಬೇಕು."

ದೇವಿಗೆ ಏಳು ರೂಪಾಯಿ ತಪ್ಪದೆ ಸಂದಿತು. ಉಳಿದ ನಮ್ಮ ಒಂದು ರೂಪಾಯಿಯಲ್ಲಿ ಇಬ್ಬರೂ ಕೈತುಂಬ ಹಸಿರು ಬಳೆ ಇಟ್ಟುಕೊಂಡು ಮನೆಗೆ ಬಂದೆವು.

ಅತ್ತೆ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ವರ್ಷದೊಳಗೆ ಓಣಿಯ ಹರಕೆಗಳೆಲ್ಲ ತುಳಜಾಪುರದ ದಾರಿ ಹಿಡಿದವು. ರೂಪಾಯಿಗೆ ರೂಪಾಯಿಯನ್ನೇ ಕೇಳುವ ನಮ್ಮೂರ ದೇವರಿಗೆ ಬರೀ ತೆಂಗಿನಕಾಯಿ ಉಳಿಯಿತು.

ಕೆಲವು ವರ್ಷಗಳ ಮೇಲೆ ನಿಜಾಮನ ರೂಪಾಯಿ ನಿಂತು, ಅಲ್ಲಿಯೂ ನಮ್ಮದೇ ರೊಕ್ಕ ಬಂತು. ಸುದ್ದಿ ಕೇಳಿದ ಅತ್ತೆ ಮಗ್ಗದ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿ, ಬಹಳ ಭಕ್ತಿಯಿಂದ ಹೇಳಿದರು:

"ತುಳಜಾಪುರ ಭಾಳ ದೂರ ಆತವಾ. ಇನ್ನ ಊರ ದೇವರಿಗೇ ನಡಕೊಳ್ಳೂಣು."