ಮಹಡಿಯ ಮೇಲೊಂದು ಸಮುದ್ರ

ಲಕ್ಷ್ಮೀಪುರಂನ ನಮ್ಮ ಬಾಡಿಗೆ ಮನೆಯ ಓನರ್ ಮೃತ್ಯುಂಜಯನವರು ಮಹಡಿಯಲ್ಲಿ ಸಮುದ್ರ ಸಾಕುವ ಪೈಕಿಯವರು. ಗೇಟಿನಲ್ಲಿ ನಿಂತು, "ಬೆಳಿಗ್ಗೆಯಿಂದ ಯಾಕೋ ಮುದುಡಿಕೊಂಡಿದೆ ಕಣಮ್ಮ" ಎಂದು ಮರುಗಿದರೆ ಅದು ಗಾಜಿನ ತೊಟ್ಟಿಯಲ್ಲಿ ಬದುಕಿರುವ ಹವಳದ ಮಾತು. ದಿನವೂ ತೊಟ್ಟಿಯ ಉಪ್ಪು ಅಳೆಯುವ ಇವರು ಹೆಂಡತಿ ಮಾಡಿದ ಸಾರಿನಲ್ಲಿ ಉಪ್ಪಿದೆಯೇ ಎಂದು ಗಮನಿಸಿದವರಲ್ಲ. ಕರೆಂಟ್ ಹೋದರೆ ಮೇಣದಬತ್ತಿ ಹುಡುಕುವುದಿಲ್ಲ, ಚೊಂಬಿನಲ್ಲಿ ನೀರು ಮೊಗೆದು ಮೊಗೆದು ಸುರಿದು ಮೀನುಗಳಿಗೆ ಉಸಿರು ತುಂಬುತ್ತಾರೆ. ಈಗ ಮೂರಡಿಯ ತೊಟ್ಟಿ ಸಾಲದೆಂದು ಆರಡಿಯದು ಕಟ್ಟಿಸುತ್ತಿದ್ದಾರೆ. "ಕಲ್ಲು, ನೀರು ಎಲ್ಲಾ ಸೇರಿ ಒಂದು ಟನ್ ಆಯ್ತದೆ" ಎಂದು ಅವರು ಹಿಗ್ಗಿದರು. ತೊಟ್ಟಿಯಿರುವ ಅವರ ಹಾಲ್‌ನ ನೇರ ಕೆಳಗೇ ನನ್ನ ಲಾಸ್ಯಳ ತೊಟ್ಟಿಲಿದೆ! ಬೇಡವೆನ್ನಲು ಮೆಟ್ಟಿಲು ಹತ್ತಿ ಓಡಿದರೆ ಇನ್ನೂ ದೊಡ್ಡ ಆಘಾತ ಕಾದಿತ್ತು. ದೇವರಮನೆಯ ಪಟಗಳನ್ನೆಲ್ಲ ಇಳಿಸಿ, ಬಾಗಿಲನ್ನೇ ಕಿತ್ತು ಗೋಡೆಗೆ ಒರಗಿಸಿದ್ದರು. "ಅಯ್ಯೋ, ತೊಟ್ಟಿ ದೇವರಮನೇಲಾ ಸಾರ್?" ಎಂದೆ. ಅವರು ಕೊರಳ ಇಷ್ಟಲಿಂಗವನ್ನು ಮುಟ್ಟಿಕೊಂಡು, "ನಮ್ಮ ದೇವರು ಇಲ್ಲೇ ಅವ್ನೆ ಬುಡಮ್ಮ. ಈ ಕೋಣೆ ಕಲ್ಲುಗೋಡೆ ಮೇಲೆ ನಿಂತದೆ. ಹಾಲ್ ಕೆಳಗೆ ಕೂಸು ಮಲಗ್ತದಲ್ಲ" ಎಂದರು.