ಕುಣಿಗಲಮ್ಮನ ಎಣ್ಣೆನೀರು

ಗುಬ್ಬಿಯ ಪೇಟೆಬೀದಿಯಲ್ಲಿ ಎದುರಿಗೆ ಬಂದವರ ಮೂಗು ನೆಟ್ಟಗಿದ್ದರೆ ಅದು ಸಿದ್ದಲಕ್ಷ್ಮಮ್ಮನ ಕೈಕೆಲಸ ಎಂದು ಕಣ್ಣುಮುಚ್ಚಿಕೊಂಡು ಹೇಳಬಹುದಿತ್ತು. ಬ್ರಹ್ಮನಿಗೂ ಈ ವಿಷಯ ತಿಳಿದು, ಗುಬ್ಬಿಯ ಮಕ್ಕಳಿಗೆ ಮುಖದ ಮಧ್ಯೆ ಒಂದು ಉಂಡೆ ಅಂಟಿಸಿ, ಮಿಕ್ಕದ್ದನ್ನು ಆಕೆ ನೋಡಿಕೊಳ್ಳುತ್ತಾಳೆ ಎಂದು ಕೈ ತೊಳೆದುಕೊಂಡುಬಿಡುತ್ತಿದ್ದ.

ಎಳೆಮಕ್ಕಳಿಗೆ ನೀರು ಹಾಕುವುದು ಆಕೆಯ ಕಸುಬು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಮೂಗು ತೀಡಿ, ಹಂಡೆಯ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳೆಂದರೆ ಆಯಿತು. ಆ ಮಗು ಮಲಗಿದಾಗ ಹೊರಟ ರೈಲು ಅರಸೀಕೆರೆ ಮುಟ್ಟಿ, ಕಾಫಿ ಕುಡಿದು, ಗುಬ್ಬಿಗೆ ವಾಪಸು ಬಂದರೂ ಮಗು ಮಗ್ಗುಲು ಬದಲಿಸುತ್ತಿರಲಿಲ್ಲ.

ಊರಿನ ಮಕ್ಕಳೆಲ್ಲ ಆಕೆಯ ಕಾಲ ಮೇಲೆ ಮಲಗಿ ಎದ್ದುಹೋದವರೇ. ಆಕೆಯದೇ ಎನ್ನುವ ಒಂದು ಮಾತ್ರ ಹುಟ್ಟಲಿಲ್ಲ. ಗಂಡ ಚೌಡಪ್ಪನೂ ತೀರಿಹೋಗಿದ್ದ. ಆಣೆ ಹೋಗಿ ನಯಾಪೈಸೆ ಬಂದ ಹೊಸತರಲ್ಲಿ, ಕುಣಿಗಲ್ಲಿನ ಒಂದು ಬಾಣಂತಿಯ ಮನೆಗೆ ಹೋದವಳು, ತಾಯಿಯಿಲ್ಲದೆ ಸೌದೆ ಸಂದಿಯಲ್ಲಿ ಅರಚುತ್ತಿದ್ದ ಕರಿಬೆಕ್ಕಿನ ಹೆಣ್ಣುಮರಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬಂದ ಊರೇ ಹೆಸರಾಯಿತು: ಕುಣಿಗಲಮ್ಮ.

ಬತ್ತಿಯಲ್ಲಿ ಹಾಲು ಹಿಂಡಿ ಹಿಂಡಿ ಬದುಕಿಸಿದ್ದಾಯಿತು. ಮರಿಗೆ ತುಸು ಮೈ ಬಂದದ್ದೇ ತಡ, ಸಿದ್ದಲಕ್ಷ್ಮಮ್ಮನಿಗೆ ಗೊತ್ತಿದ್ದ ಅಕ್ಕರೆ ಒಂದೇ ಬಗೆಯದು, ಅದನ್ನೇ ಶುರುಮಾಡಿದಳು. ಶನಿವಾರ ಶನಿವಾರ ಎಣ್ಣೆನೀರು, ಸೀಗೆಪುಡಿ, ಸಾಂಬ್ರಾಣಿ. ಕೆನ್ನೆಯೂ ಕರಿಯದೇ ಆದ್ದರಿಂದ ದೃಷ್ಟಿಬೊಟ್ಟನ್ನು ಸುಣ್ಣದಲ್ಲಿ ಇಟ್ಟಳು. ಮೂಗೊಂದನ್ನು ತಿದ್ದಲಾಗಲಿಲ್ಲ. ಹಿಡಿತಕ್ಕೆ ಸಿಗುವಷ್ಟು ಮೂಗನ್ನು ದೇವರು ಅದಕ್ಕೆ ಕೊಟ್ಟಿರಲಿಲ್ಲ.

ನೀರು ಮುಗಿದೊಡನೆ ಕುಣಿಗಲಮ್ಮ ಅಟ್ಟದ ಕೆಳಗೆ ಕೂತು ನೆಕ್ಕಿಕೊಳ್ಳತೊಡಗುತ್ತಿತ್ತು. ಮೊದಮೊದಲು ಸಿದ್ದಲಕ್ಷ್ಮಮ್ಮ ಹಿಗ್ಗಿದಳು. "ನೋಡೇ ಗಿರಿಯಮ್ಮ, ಎಷ್ಟು ಶುದ್ಧ! ನಾನು ಮಾಡಿದ್ದು ಸಾಲ್ದು ಅಂತ ತಾನೂ ಒಂದು ಸುತ್ತು ಮಾಡ್ಕೊಳ್ತೈತೆ."

ಪಕ್ಕದ ಮನೆಯ ಗಿರಿಯಮ್ಮ ಮೂತಿ ತಿರುವಿದಳು. "ಶುದ್ಧ ಅಲ್ಲ ಕಣೇ ಸಿದ್ದಕ್ಕ, ಚರ್ಮ ಕಿತ್ಕೊಳ್ತೈತೆ. ಹೊಟ್ಟೆ ತಿರುಗ್ಸಿ ನೋಡು."

ತಿರುಗಿಸಿ ನೋಡಿದರೆ ಹೊಟ್ಟೆ ಬೋಳು. ತೊಡೆಯ ಒಳಗೆ ಕೆಂಪು ಗಾಯ. ಸಿದ್ದಲಕ್ಷ್ಮಮ್ಮ ಎಣ್ಣೆಯ ಬಟ್ಟಲಿಗೆ ಕೈ ಹಾಕಿದಳು. ಕೂದಲಿಗೆ ಹರಳೆಣ್ಣೆಗಿಂತ ಮದ್ದುಂಟೇ? ಅಂದಿನಿಂದ ದಿನಾ ಹಚ್ಚಿದಳು. ಮರಿ ದಿನಾ ನೆಕ್ಕಿತು. ನೆಕ್ಕಿದ್ದಕ್ಕೆ ಇನ್ನಷ್ಟು ಹಚ್ಚಿದಳು. ಗಾಣದವನು, ಈ ಮುದುಕಿ ಎಣ್ಣೆಯಲ್ಲೇ ಬಟ್ಟೆ ಒಗೆಯುತ್ತಾಳೇನೋ ಎಂದುಕೊಂಡ. ಹರಳೆಣ್ಣೆ ಹೊಟ್ಟೆಗೆ ಹೋದ ಮೇಲೆ ಸುಮ್ಮನಿರುತ್ತದೆಯೇ? ಮರಿಗೆ ಭೇದಿ ಹಿಡಿದು, ಹಿಡಿಯಷ್ಟಿದ್ದದ್ದು ಚಿಟಿಕೆಯಷ್ಟಾಯಿತು.

ಸಾಕಿದ ಒಂದೇ ಒಂದು ಜೀವವೂ ಕೈಬಿಡುತ್ತದೆಂದು ಹೆದರಿ, ಒಂದು ಬೆಳಗ್ಗೆ ಅದನ್ನು ಮಂಕರಿಯಲ್ಲಿ ಮುಚ್ಚಿಕೊಂಡು ತುಮಕೂರಿನ ಬಸ್ಸು ಹತ್ತಿದಳು. ಆ ಚಿಟಿಕೆ ಪ್ರಾಣಿ ಕೂಗಿದ ಕೂಗಿಗೆ ಡ್ರೈವರು ದಾರಿಯುದ್ದಕ್ಕೂ ಹಾರನ್ ಮುಟ್ಟಬೇಕಾಗಲಿಲ್ಲವಂತೆ. ಎದುರಿನ ಎತ್ತಿನಗಾಡಿಗಳೆಲ್ಲ ತಾವಾಗಿ ಹೊಲಕ್ಕೆ ಇಳಿದವಂತೆ.

ದನದ ಆಸ್ಪತ್ರೆಯಲ್ಲಿ ಯೋಗನರಸಿಂಹ ಎಂಬ ಹೊಸ ಡಾಕ್ಟರು ಕೂತಿದ್ದರು. ತಲೆಯೆತ್ತದೆ ಕೇಳಿದರು: "ಏನಮ್ಮ, ಎಮ್ಮೆಯೋ ಹಸುವೋ?"

"ನಾನು ಕಣಪ್ಪ, ಗುಬ್ಬಿ ಸಿದ್ದಲಕ್ಷ್ಮಿ. ವೆಂಕಟೇಶಯ್ಯನೋರ ಮಗ ಅಲ್ವೇ ನೀವು? ಆ ಮೂಗು ನಂದು."

ಡಾಕ್ಟರು ಮೂಗು ಮುಟ್ಟಿಕೊಂಡು ಎದ್ದು ನಿಂತರು.

ಮರಿಯನ್ನು ಮೇಜಿನ ಮೇಲಿಟ್ಟು, ಕೂದಲು ಬಿಡಿಸಿ ಬಿಡಿಸಿ ನೋಡಿದರು. ಚಿಗಟವಿಲ್ಲ, ಹುಳುಕಡ್ಡಿಯಿಲ್ಲ. ಆಮೇಲೆ ಮೂಸಿದರು. "ಇದೇನಮ್ಮ, ಬೆಕ್ಕು ಬಾಣಂತಿ ಕೋಣೆ ಥರ ವಾಸನೆ ಹೊಡೀತಿದೆ!"

ಸಿದ್ದಲಕ್ಷ್ಮಮ್ಮ ತನ್ನ ಆರೈಕೆಯನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದಳು. ಡಾಕ್ಟರು ನಗು ತಡೆದುಕೊಂಡರು.

"ಅಮ್ಮ, ಬೆಕ್ಕಿಗೆ ತನ್ನ ಮೈವಾಸನೆ ತನಗೇ ಬೇಕು. ನೀವು ಅದನ್ನ ತೊಳೆದು ಬೇರೆ ವಾಸನೆ ಹಚ್ತೀರಿ. ಪಾಪ, ಅದು ತನ್ನ ಮೈನ ಹುಡುಕ್ಕೊಂಡು ನೆಕ್ಕುತ್ತೆ. ಈಗ ಅದೇ ಚಾಳಿಯಾಗಿದೆ. ಹೆದರಿದ್ರೂ ನೆಕ್ಕುತ್ತೆ, ಬೇಜಾರಾದ್ರೂ ನೆಕ್ಕುತ್ತೆ."

"ನಾನು ನೀರು ಹಾಕಿದ ಮಕ್ಕಳು ಒಂದಾದ್ರೂ ಹಂಗೆ ಮಾಡ್ಲಿಲ್ಲವಲ್ಲ! ನೀವೇನು ನೆಕ್ಕೊಂಡ್ರಾ?"

"ನಾಲಿಗೆ ಎಟುಕಲಿಲ್ಲಮ್ಮ. ಎಟುಕಿದ್ರೆ ಬಿಡ್ತಿರಲಿಲ್ಲ."

ಗಾಯಕ್ಕೆ ಔಷಧಿ ಹಾಕಿ, ಭೇದಿಗೆ ಪುಡಿ ಕೊಟ್ಟು, ಡಾಕ್ಟರು ದನಿ ತಗ್ಗಿಸಿದರು. "ಎಣ್ಣೆ, ನೀರು, ಹೊಗೆ ಯಾವುದೂ ಬೇಡ. ನೆಕ್ಕಿದ್ರೆ ಗದರಬೇಡಿ, ಹಿಡಿದು ಎಳೀಬೇಡಿ. ಏನಾದ್ರೂ ಉರುಳಿಸಿ ಆಟಕ್ಕೆ ಕರೀರಿ. ಹೊತ್ತಿಗೆ ಸರಿಯಾಗಿ ಊಟ ಹಾಕಿ. ಎತ್ತರದಲ್ಲಿ ಒಂದು ಗೂಡು ಮಾಡಿಕೊಡಿ, ಅಲ್ಲಿಗೆ ಯಾರೂ ಕೈ ಹಾಕಬಾರದು."

"ನಾನೂವೆ?"

"ನೀವೇ ಮೊದಲು. ಅದಾಗೇ ಬರೋವರೆಗೂ ಮುಟ್ಟಬೇಡಿ. ಹಿಂಗೇ ಮುಂದುವರಿದ್ರೆ ಗಾಯ ನಂಜಾಗುತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ."

ಬಸ್ಸಿನಲ್ಲಿ ಸಿದ್ದಲಕ್ಷ್ಮಮ್ಮ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಸಾಮಾನು ಕಾಯುವವಳ ಹಾಗೆ ಕೂತಿದ್ದಳು. ಈ ಕೈಗಳನ್ನು ನಂಬಿ ಊರೇ ಮಕ್ಕಳನ್ನು ಒಪ್ಪಿಸಿದೆ. ಕೈಯಿಲ್ಲದೆ ಪ್ರೀತಿ ಮಾಡುವುದು ಹೇಗೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು, ಅಟ್ಟದ ಮೂಲೆಯಲ್ಲಿ ಹಳೆಯ ಮೊರವಿಟ್ಟು ಚೌಡಪ್ಪನ ಮಾಸಿದ ಪಂಚೆ ಹಾಸಿದಳು. ತೆಂಗಿನ ನಾರನ್ನು ಉಂಡೆ ಕಟ್ಟಿ ದಾರಕ್ಕೆ ಪೋಣಿಸಿದಳು. ಕೆಲಸದಿಂದ ಬಂದವಳು ಬಾಗಿಲಲ್ಲೇ ಕೈ ತೊಳೆದು, ಸಾಂಬ್ರಾಣಿ ಮೆತ್ತಿದ ಸೀರೆ ಬದಲಿಸಿ ಒಳಗೆ ಹೋಗುತ್ತಿದ್ದಳು. ಮರಿ ಹೊಟ್ಟೆಗೆ ಬಾಯಿ ಹಾಕಿದೊಡನೆ ನಾರಿನ ಉಂಡೆ ಅದರ ಮುಂದೆ ಓಡುತ್ತಿತ್ತು. ಕೆಲವೊಮ್ಮೆ ಮರಿ ಅದನ್ನು ಹಿಂಬಾಲಿಸುತ್ತಿತ್ತು. ಕೆಲವೊಮ್ಮೆ, 'ನಿನಗೆ ಬೇರೆ ಕೆಲಸವಿಲ್ಲವೇ' ಎಂಬಂತೆ ನೋಡಿ ಮತ್ತೆ ನೆಕ್ಕಿಕೊಳ್ಳುತ್ತಿತ್ತು. ಆಗ ಸಿದ್ದಲಕ್ಷ್ಮಮ್ಮನ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆ ಎಳೆದು ತೊಡೆಯಡಿ ಅದುಮಿಕೊಂಡು ಕೂರುತ್ತಿದ್ದಳು.

"ಏನೇ ಇದು, ಮೊಟ್ಟೆಗೆ ಕಾವು ಕೂತಿದೀಯಾ?" ಎಂದು ಗಿರಿಯಮ್ಮ ಅಣಕಿಸಿದಳು.

"ಕೈ ಕಟ್ಟಾಕಿದೀನಿ ಕಣೇ. ಬುಟ್ರೆ ಓಡೋಯ್ತವೆ."

ಮಳೆಗಾಲ ಹೋಗಿ ಅವರೆಕಾಯಿ ಬಂದಿತು. ಭೇದಿ ಯಾವಾಗಲೋ ನಿಂತಿತ್ತು, ಗಾಯ ಮಾಗಿತ್ತು. ಬೋಳು ಹೊಟ್ಟೆಯ ಮೇಲೆ ಎಳೆಮಗುವಿನ ನೆತ್ತಿಯಲ್ಲಿರುವಂಥ ನವಿರು ಕೂದಲು ಮೂಡಿತು. ನೆಕ್ಕುವುದು ಪೂರಾ ಬಿಟ್ಟಿತೆಂದಲ್ಲ. ಬೀದಿಯಲ್ಲಿ ತಮಟೆ ಬಡಿದರೆ ಶುರುಮಾಡುತ್ತಿತ್ತು. ಆದರೆ ಸ್ವಲ್ಪ ಹೊತ್ತಿಗೆ ತಾನೇ ಸಾಕುಮಾಡುತ್ತಿತ್ತು. ಮುದುಕಿಯ ಹತ್ತಿರ ಮಾತ್ರ ಬರಲಿಲ್ಲ.

ಒಂದು ಸಂಜೆ ಹಾಲು ಒಲೆಯ ಮೇಲಿಟ್ಟು, ನೋವೆಂದು ಕಾಲು ನೀಡಿ ಕೂತಿದ್ದಳು. ಅಟ್ಟದಿಂದ ಧುಪ್ಪೆಂದು ಸದ್ದಾಯಿತು. ಕುಣಿಗಲಮ್ಮ ನೇರ ಬಂದು, ನೀಡಿದ ಕಾಲುಗಳನ್ನು ಮೂಸಿ, ಹತ್ತಿ, ಊರಿನ ಮಕ್ಕಳೆಲ್ಲ ಮಲಗಿದ್ದ ಆ ಜಾಗದಲ್ಲೇ ಅಂಗಾತ ಹೊಟ್ಟೆ ಕೊಟ್ಟು ಮಲಗಿತು.

ಸಿದ್ದಲಕ್ಷ್ಮಮ್ಮ ಎರಡು ಕೈಗಳನ್ನೂ ಮೇಲಕ್ಕೆತ್ತಿ, ಪೊಲೀಸಿನವರ ಎದುರು ನಿಂತ ಕಳ್ಳಿಯ ಹಾಗೆ ಉಸಿರು ಬಿಗಿಹಿಡಿದಳು.

ಬಾಗಿಲಲ್ಲಿ ಇಣುಕಿದ ಗಿರಿಯಮ್ಮ ಚೀರಿದಳು. "ಸಿದ್ದಕ್ಕಾ, ಹಾಲು ಉಕ್ತೈತೆ ಕಣೇ!"

"ಉಕ್ಕಲಿ ಬುಡು," ಎಂದು ಸಿದ್ದಲಕ್ಷ್ಮಮ್ಮ ಪಿಸುಗುಟ್ಟಿದಳು. "ಮಗು ಮಲಗೈತೆ."