ಹೆಬ್ಬೆರಳು ನೋಡುವ ಹಮೀದಾಕ

ಹಮೀದಾಕ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ರಿಯಾದಿನ ಮಲಾಜ್‌ನಲ್ಲಿರುವ ನಮ್ಮ ಸ್ಪೀಕರ್ ಅಂಗಡಿಗೆ ಯಾರೇ ಬರಲಿ, ಮೊದಲು ಒಂದು ಹಾಡು ಹಚ್ಚುವರು. ಆಮೇಲೆ ಕೌಂಟರಿನ ಈಚೆಗೆ ಬಂದು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಂದವನ ಚಪ್ಪಲಿಯೊಳಗಿನ ಹೆಬ್ಬೆರಳಿನ ಮೇಲೆ ಕಣ್ಣು ನೆಟ್ಟು ನಿಲ್ಲುವರು. ಈ ದೇಶದಲ್ಲಿ ಶೇಖನಿಂದ ಲಾರಿ ಡ್ರೈವರನವರೆಗೆ ಎಲ್ಲರೂ ಚಪ್ಪಲಿಯವರೇ ಆದ್ದರಿಂದ ಅವರ ಕೆಲಸ ಸಲೀಸಾಗಿತ್ತು.

"ಮುಖ ಮರ್ಯಾದೆಗೆ ನಗ್ತದೆ ರಂಗಣ್ಣ," ಎನ್ನುತ್ತಿದ್ದರು. "ಹೆಬ್ಬೆರಳಿಗೆ ಮರ್ಯಾದೆ ಅಂದ್ರೆ ಎಂತ ಅಂತ ಗೊತ್ತಿಲ್ಲ. ಹಾಡು ಹಿಡಿದರೆ ಏಳ್ತದೆ, ಇಲ್ಲದಿದ್ದರೆ ಇಲ್ಲ."

ಅವರು ಉಚ್ಚಿಲದ ಕಡೆಯ ಬ್ಯಾರಿಗಳು, ನನಗಿಂತ ಬಹಳ ಹಿರಿಯರು. ಕರಾವಳಿಯ ಹುಡುಗರು ಹಿರಿತನಕ್ಕೆ ಹಮೀದಾಕ ಎನ್ನುತ್ತಿದ್ದರು, ತಿಪಟೂರಿನ ನಾನೂ ಅದನ್ನೇ ಕಲಿತೆ. ನಾನು ವೈರಿಂಗ್ ಕೆಲಸಕ್ಕೆಂದು ಬರಿಗೈಯಲ್ಲಿ ಬಂದು, ಬಾಯಿ ಬಲದಿಂದ ಮೇಲೆ ಬಂದವನು. ಕಫೀಲರ, ಅಂದರೆ ನನಗೆ ವೀಸಾ ಕೊಟ್ಟ ಸೌದಿ ಮಾಲೀಕರ, ಈ ಅಂಗಡಿಯ ಉಸ್ತುವಾರಿ ನನಗೆ ಸಿಕ್ಕಿದ್ದೂ ಚೌಕಾಶಿಯಿಂದಲೇ. ಆದ್ದರಿಂದ ಸ್ಪೀಕರ್ ಮಾರಲು ಹೊರಟವರಿಗೆ ನನ್ನದೊಂದು ಬುದ್ಧಿಮಾತಿದೆ, ಪುಕ್ಕಟೆ ತೆಗೆದುಕೊಳ್ಳಿ: ಗಿರಾಕಿಯ ಊರಿನ ಹಾಡು ಹಾಕಿ. ಮಲಯಾಳಿ ಬಂದರೆ ಮಲಯಾಳಂ, ಪೇಶಾವರದವನು ಬಂದರೆ ಪಶ್ತೋ. ತನ್ನ ಹಾಡು ಕಿವಿಗೆ ಬಿದ್ದವನು ಬೆಲೆ ಇಳಿಸುವುದನ್ನು ಅರ್ಧ ಮರೆತಿರುತ್ತಾನೆ.

ಹಮೀದಾಕ ಹಾಕುತ್ತಿದ್ದುದು ಸ್ಕಾಟ್ಲೆಂಡಿನ ಹಾಡು.

ಅದೂ ಹೆಸರು ಮಾಡಿದವರದ್ದಲ್ಲ. ಯಾವ ಕಂಪನಿಯ ಆಸರೆಯೂ ಇಲ್ಲದೆ, ಹಗಲು ಎಲ್ಲೋ ದುಡಿದು, ಉಳಿದ ಹೊತ್ತಿನಲ್ಲಿ ಗ್ಯಾರೇಜಿನಲ್ಲೋ ಅಡುಗೆಮನೆಯಲ್ಲೋ ತಾವೇ ರೆಕಾರ್ಡು ಮಾಡಿ, ತಾವೇ ಇಂಟರ್ನೆಟ್ಟಿಗೆ ಏರಿಸುವ ಹುಡುಗ ಹುಡುಗಿಯರದ್ದು. ಶುಕ್ರವಾರ ಬೆಳಿಗ್ಗೆ, ಜುಮಾ ನಮಾಜಿಗೆ ಹೋಗುವ ಮುಂಚೆ, ಹಾಲಿಲ್ಲದ ಸುಲೇಮಾನಿ ಚಹಾ ಕುಡಿಯುತ್ತ ಅವರು ಫೋನಿನಲ್ಲಿ ಹೊಸಬರನ್ನು ಹುಡುಕುತ್ತಿದ್ದರು. ಗ್ಲಾಸ್ಗೋದಲ್ಲಿ ಗಿಟಾರು ಹಿಡಿದು ಸಿಟ್ಟಿನಿಂದ ಕಿರುಚುವ ಮೂವರು, ಡಂಡೀಯಲ್ಲಿ ತಾಳದ ಮೇಲೆ ಮಾತನ್ನೇ ಹಾಡಿನ ಹಾಗೆ ಉದುರಿಸುವ ಇಬ್ಬರು, ಯಾವುದೋ ದ್ವೀಪದಲ್ಲಿ ಅಜ್ಜಿಯ ಭಾಷೆಯಲ್ಲಿ ಹಾಡಿ ಅದಕ್ಕೆ ಯಂತ್ರದ ಡ್ರಮ್ಮು ಬಡಿಸುವ ಒಬ್ಬಳು. ಕೇಳಿದವರು ಎಷ್ಟು ಜನ ಎಂದು ಪಕ್ಕದಲ್ಲಿ ತೋರಿಸುತ್ತದಲ್ಲ, ಆ ಸಂಖ್ಯೆ ಸಣ್ಣದಾದಷ್ಟೂ ಹಮೀದಾಕನ ಕಣ್ಣು ಅರಳುತ್ತಿತ್ತು. ಯಾರಾದರೂ ಹೆಸರು ಮಾಡಿದರೆ ಅಂದೇ ಅವರನ್ನು ಬಿಟ್ಟುಬಿಡುವರು. "ಅವ ದಡ ಸೇರಿದ. ಇನ್ನು ನನ್ನ ಕೈ ಎಂತಕ್ಕೆ?"

"ಅವ್ರು ಹೇಳೋದು ನಿಮಗೆ ಅರ್ಥ ಆಗುತ್ತಾ?" ಎಂದು ಒಮ್ಮೆ ಕೇಳಿದೆ.

"ಅರ್ಧ ಆಗ್ತದೆ. ನಿಮ್ಮ ತಿಪಟೂರಿನ ಕನ್ನಡವೂ ನನಗೆ ಅರ್ಧವೇ ಆಗುವುದು. ನಾನು ನಿಮ್ಮೊಟ್ಟಿಗೆ ಇಲ್ವಾ?"

ಈ ಹುಚ್ಚು ಹಿಡಿದದ್ದು ಜಿಜಾನ್‌ನಲ್ಲಂತೆ. ಅಲ್ಲಿನ ಬಂದರಿನ ಒಂದು ಗೋದಾಮಿನಲ್ಲಿ ಅವರು ಸ್ಟೋರ್‌ಕೀಪರ್ ಆಗಿದ್ದಾಗ ಮೇಲಧಿಕಾರಿಯಾಗಿದ್ದವನು ಒಬ್ಬ ಸ್ಕಾಟಿಷ್ ಮುದುಕ. ಊರಿಗೆ ಮರಳುವ ಮುಂಚೆ ಅವನು ತಾನು ಹುಡುಗನಾಗಿದ್ದಾಗ ಗೆಳೆಯರೊಂದಿಗೆ ಹಾಡಿದ ಒಂದು ಕ್ಯಾಸೆಟ್ ಕೇಳಿಸಿದ. ಇದು ಎಲ್ಲಿ ಸಿಗುತ್ತದೆ ಎಂದು ಹಮೀದಾಕ ಕೇಳಿದರೆ, ಎಲ್ಲೂ ಇಲ್ಲ, ಕಾರಿನ ಡಿಕ್ಕಿಯಲ್ಲಿಟ್ಟು ಮಾರಲು ನೋಡಿದೆವು, ಯಾರೂ ಕೊಳ್ಳಲಿಲ್ಲ, ಆಮೇಲೆ ಹಾಡುವುದನ್ನೇ ಬಿಟ್ಟೆವು ಎಂದನಂತೆ. ಈ ಕತೆ ಹೇಳುವಾಗಲೆಲ್ಲ ಹಮೀದಾಕನ ದನಿ ಗಡಸಾಗುತ್ತಿತ್ತು. "ಅಷ್ಟು ಲಾಯ್ಕದ ಹಾಡು ಮಾರಾಯ್ರೆ. ಆ ಹೊತ್ತಿನಲ್ಲಿ ಕೇಳುವ ಒಬ್ಬ ಎದುರು ನಿಂತಿದ್ದರೆ ಅವರು ಬಿಡ್ತಿರಲಿಲ್ಲ. ಇನ್ನು ನಾನು ನಿಲ್ತೇನೆ."

ಹಾಗೆ ನಿಂತರು. ಬರೇ ಕೇಳಿ ಸುಮ್ಮನಾಗುವ ಜಾತಿಯಲ್ಲ ಅವರದ್ದು. ಸ್ಪೀಕರ್ ಕೊಂಡವನ ಫೋನನ್ನು ಅದಕ್ಕೆ ಜೋಡಿಸಿಕೊಡುವ ನೆಪದಲ್ಲಿ, "ಇದನ್ನೂ ಇಟ್ಟುಕೊಳ್ಳಿ, ಚಂದ ಉಂಟು" ಎಂದು ಹಿಂದಿಯಲ್ಲೋ ಅರಬಿಯಲ್ಲೋ ಪುಸಲಾಯಿಸಿ, ಅದರೊಳಗೆ ಆ ವಾರದ ತಂಡವನ್ನು ಸೇರಿಸಿಯೇ ಕಳಿಸುತ್ತಿದ್ದರು. ಕೆಲವು ತಿಂಗಳು ಹೀಗೆ ನಡೆದ ಮೇಲೆ ಡಂಡೀಯ ಹುಡುಗರು ಗಾಬರಿಯಾಗಿ, ಮೊದಲೇ ಮೆಚ್ಚುಗೆ ಬರೆದು ಪರಿಚಯವಾಗಿದ್ದ ಅವರಿಗೆ ಬರೆದರು: ನಮ್ಮನ್ನು ನಮ್ಮ ಊರಿಗಿಂತ ಹೆಚ್ಚು ರಿಯಾದಿನಲ್ಲಿ ಕೇಳುತ್ತಿದ್ದಾರಲ್ಲ, ಏನು ಕಾರಣ, ನಾವು ಅಲ್ಲಿಗೆ ಬಂದು ಹಾಡಬೇಕೇ? ಹಮೀದಾಕ ಉತ್ತರ ಕೊಟ್ಟರು: "ಬರಬೇಡಿ, ಬಿಸಿಲು ತಡೆಯಲಿಕ್ಕೆ ಆಗ್ಲಿಕ್ಕಿಲ್ಲ. ಅಲ್ಲಿಯೇ ಹಾಡಿ, ನಿಲ್ಲಿಸಬೇಡಿ."

ನಿಲ್ಲಿಸಬೇಡಿ ಎನ್ನುವುದು ಅವರ ಕಾನೂನು. ಶುರುವಾದ ಹಾಡನ್ನು ನಡುವೆ ಕತ್ತರಿಸುವಂತಿಲ್ಲ. ಬಾಂಗಿಗೆ ಮಾತ್ರ ವಿನಾಯಿತಿ. ಅದೂ ಬೇಕಾಗದಂತೆ ನಮಾಜಿನ ಹೊತ್ತು ನೋಡಿಕೊಂಡೇ ಹಾಡು ಹಚ್ಚುವರು. ಒಮ್ಮೆ ಹೋಟೆಲೊಂದರ ಮ್ಯಾನೇಜರ್ ಬಂದಿದ್ದ. ಕೋಣೆಕೋಣೆಗೂ ಸ್ಪೀಕರ್ ಬೇಕಿತ್ತು ಅವನಿಗೆ. ನಾನು ಅತ್ತರು ಹಚ್ಚಿಕೊಂಡು ತಯಾರಾಗಿ ಕೂತಿದ್ದೆ. ಹಾಡಿನ ನಡುವೆ ಅವನು, ಇದನ್ನು ತೆಗೆದು ಬೇರೆ ಹಾಕು ಎಂದ. ಹಮೀದಾಕ ನಗುನಗುತ್ತಲೇ, "ಖಲಾಸ್ ಆಗ್ತದೆ, ಸ್ವಲ್ಪ ನಿಲ್ಲಿ" ಎಂದರು. ಅವನು ನಿಲ್ಲಲಿಲ್ಲ, ನಡೆದ.

"ಕೈಗೆ ಬಂದ ತುತ್ತಲ್ರೀ ಹಮೀದಾಕ," ಎಂದು ಬಾಯಿ ಬಡಿದುಕೊಂಡೆ.

"ಮೂರು ನಿಮಿಷ ಕಾಯಲಾಗದವ ಬಿಲ್ಲಿನ ದುಡ್ಡು ಕೊಡುವಾಗ ನಿಮ್ಮನ್ನು ಮೂರು ವರ್ಷ ಕಾಯಿಸ್ತಿದ್ದ. ಹೋಗಲಿ ಬಿಡಿ," ಎಂದರು ಅವರು. ಹಾಡು ಮುಗಿದ ಮೇಲೆ.

ಅದೇ ವರ್ಷದ ಚಳಿಗಾಲದಲ್ಲಿ ಮೋರಾಗ್ ಎಂಬ ಹುಡುಗಿಯ ಸಂಗತಿ ಬಂತು. ನಾನು ಆಗಲೇ ಹೇಳಿದೆನಲ್ಲ, ದ್ವೀಪದವಳು, ಅವಳೇ. ಬೆಳಿಗ್ಗೆ ಮೀನಿನ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಅಕಾರ್ಡಿಯನ್. ಗಾಳಿ ಜೋರಾಗಿ ದೋಣಿ ಬಾರದ ದಿನ ಜನ ಬಂದರಿನ ಧಕ್ಕೆಯಲ್ಲಿ ಕಾಯುತ್ತ ನಿಲ್ಲುವುದರ ಮೇಲೆ ಅವಳದೊಂದು ಹಾಡು ಬಂದಿತ್ತು. ಹಮೀದಾಕ ಅದನ್ನು ಮೆಚ್ಚಿ ಬರೆದಾಗ ಅವಳು ದನಿಯಲ್ಲೇ ಉತ್ತರ ಕಳಿಸಿದಳು. ಖಾಲಿ ಕುರ್ಚಿಗಳಿಗೆ ಹಾಡಿ ಸಾಕಾಗಿದೆ, ಇದೇ ಕೊನೆಯದು, ಅಕಾರ್ಡಿಯನ್ ಮಾರಲು ಇಟ್ಟಿದ್ದೇನೆ ಎಂದಳು.

"ಒಳ್ಳೆ ಬೆಲೆ ಬರೋವರೆಗೂ ಕೊಡಬೇಡ ಅನ್ನಿ," ಎಂದೆ ನಾನು, ಅಭ್ಯಾಸ ಬಲ.

ಹಮೀದಾಕ ನನ್ನ ಕಡೆ ತಿರುಗಲೇ ಇಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಅವಳಿಗೆ ಮಾತು ಕೊಟ್ಟುಬಿಟ್ಟರು: ತುಂಬಿದ ಸಭೆಯೊಂದು ನಿನ್ನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತದೆ, ಅದರ ವಿಡಿಯೊ ಕಳಿಸುತ್ತೇನೆ, ಅಲ್ಲಿಯವರೆಗೆ ಅಕಾರ್ಡಿಯನ್ ಮಾರಬೇಡ.

ತುಂಬಿದ ಸಭೆ ಎಂದರೆ ನಮಗೆ ಇದ್ದದ್ದು ಒಂದೇ, ನಮ್ಮ ಕನ್ನಡಿಗರ ಬಳಗದ ವಾರ್ಷಿಕ ಕೂಟ. ಊರಾಚೆ ಇಸ್ತಿರಾಹ ಎಂಬ ಕಾಂಪೌಂಡಿನ ಬಾಡಿಗೆ ಮನೆಗಳಿರುತ್ತವಲ್ಲ, ಅಂಥದ್ದರಲ್ಲಿ ಕಾರ್ಪೆಟ್ ಹಾಸಿ ನಡೆಯುತ್ತಿತ್ತು. ಮೈಕು, ಸ್ಪೀಕರ್ ಪ್ರತಿ ವರ್ಷ ನಮ್ಮ ಅಂಗಡಿಯದ್ದೇ. ಇಬ್ಬರೂ ಅಧ್ಯಕ್ಷ ಶೆಟ್ಟರ ಹತ್ತಿರ ಹೋದೆವು.

"ಕರ್ನಾಟಕದ ಕಾರ್ಯಕ್ರಮದಲ್ಲಿ ಸ್ಕಾಟ್ಲೆಂಡಿಗೆ ಎಂತ ಕೆಲಸ ಮಾರಾಯ್ರೆ?" ಎಂದರು ಶೆಟ್ಟರು.

"ಹೋದ ವರ್ಷ ನಿಮ್ಮ ಮಕ್ಕಳು ಹಿಂದಿ ಸಿನೆಮಾದ ಹಾಡಿಗೆ ಕುಣಿದರಲ್ಲ ಶೆಟ್ರೆ, ಅದು ನಮ್ಮ ಯಾವ ಜಿಲ್ಲೆಯ ಕಲೆ?" ಎಂದು ಹಮೀದಾಕ ಕೇಳಿಬಿಟ್ಟರು.

ಶೆಟ್ಟರ ಮುಖ ಕೆಂಪಾಯಿತು. ಇಂಥ ಕಡೆ ನನ್ನಂಥವನು ಬೇಕಾಗುತ್ತದೆ. ಹಮೀದಾಕನನ್ನು ಚಹಾ ತರಲು ಕಳಿಸಿ ನಾನು ಮಾತಿಗೆ ಕೂತೆ. ಸ್ಪೀಕರಿಗೆ ಬಾಡಿಗೆ ಬೇಡ ಎಂದೆ. ಮುಖ್ಯ ಅತಿಥಿ ಬರುವ ಮುಂಚೆ ಬೇಕಾದರೆ ಹಾಕಿಕೊಳ್ಳಿ, ಅವರು ಬಾಗಿಲಿಗೆ ಬಂದ ಕೂಡಲೇ ನಿಲ್ಲಿಸಬೇಕು ಎಂದು ಶೆಟ್ಟರು ಕೈಕುಲುಕಿದರು. ನಾನು ಒಳಗೊಳಗೇ ನಕ್ಕೆ. ನಮ್ಮ ಮುಖ್ಯ ಅತಿಥಿಗಳು ಎಂದಾದರೂ ಹೊತ್ತಿಗೆ ಬಂದದ್ದುಂಟೇ? ಒಂದಲ್ಲ, ಹತ್ತು ಹಾಡು ಹಾಕಬಹುದು.

"ಒಪ್ಪಿದ್ದು ನೀವು, ನಾನಲ್ಲ," ಎಂದರು ಹಮೀದಾಕ, ಚಹಾ ಹಿಡಿದು ಬಂದವರು.

ಆದರೆ ಈ ಲೆಕ್ಕದಲ್ಲಿ ನಾನು ಒಂದನ್ನು ಬಿಟ್ಟಿದ್ದೆ. ಅತಿಥಿ ತಡವೆಂದು ಗೊತ್ತಿರುವುದರಿಂದ ನಮ್ಮ ಜನವೂ ತಡವಾಗಿಯೇ ಬರುತ್ತಾರೆ. ಆ ಸಂಜೆ ಹೇಳಿದ ಹೊತ್ತಿಗೆ ಕಾರ್ಪೆಟ್ಟಿನ ಮೇಲೆ ನಾಲ್ಕು ಮಕ್ಕಳು ಜಗಳವಾಡುತ್ತಿದ್ದವು, ಅಷ್ಟೆ. ಗಂಡಸರು ಅಂಗಳದಲ್ಲಿ ಸುಟ್ಟ ಮಾಂಸದ ಹೊಗೆಯ ಸುತ್ತ ನಿಂತಿದ್ದರು. "ಹಾಕ್ರೀ," ಎಂದೆ. "ಖಾಲಿ ಕುರ್ಚಿಗೆ ಹಾಡಿ ಸಾಕಾದವಳಿಗೆ ಖಾಲಿ ಕಾರ್ಪೆಟ್ ತೋರಿಸುವುದಾ?" ಎಂದು ಹಮೀದಾಕ ಕದಲಲಿಲ್ಲ.

ಅಷ್ಟರಲ್ಲಿ ಗೇಟಿನಲ್ಲಿ ಕಾರು ಬಂತು. ಮುಖ್ಯ ಅತಿಥಿ ತಬೂಕಿನಿಂದ ಆಗಷ್ಟೇ ರಿಯಾದಿಗೆ ಬಂದಿದ್ದ ಮೈಸೂರಿನ ಡಾಕ್ಟರು. ನಮ್ಮ ಪದ್ಧತಿ ಗೊತ್ತಿಲ್ಲದ ಪುಣ್ಯಾತ್ಮರು ಕರೆಯೋಲೆಯಲ್ಲಿ ಅಚ್ಚಾದ ಹೊತ್ತಿಗೇ ಬಂದುಬಿಟ್ಟಿದ್ದರು. ಶೆಟ್ಟರು ಕಂಗಾಲಾಗಿ, ಎಲ್ಲ ಒಳಗೆ ಬನ್ನಿ, ಯಲ್ಲಾ ಯಲ್ಲಾ ಎಂದು ಕೂಗಿದರು. ಜನ ಚಪ್ಪಲಿ ಒದರಿ ನುಗ್ಗಿ ಕೂತರು. ಕಣ್ಣುಮುಚ್ಚಿ ಬಿಡುವುದರೊಳಗೆ ಸಭೆ ಗೋಡೆಯಿಂದ ಗೋಡೆಗೆ ತುಂಬಿತು. ಹಮೀದಾಕ ಒಮ್ಮೆ ಸಭೆ ನೋಡಿದರು, ಒಮ್ಮೆ ಬಾಗಿಲು ನೋಡಿದರು. ಡಾಕ್ಟರು ಬೂಟಿನ ಲೇಸು ಬಿಚ್ಚುತ್ತಿದ್ದರು. ಹಮೀದಾಕ ಹಾಡು ಹಚ್ಚಿದರು.

ಅಕಾರ್ಡಿಯನ್ ಎದ್ದಿತು. ಶೆಟ್ಟರು ಹೂಗುಚ್ಛ ಹಿಡಿದುಕೊಂಡೇ ಓಡಿಬಂದರು. "ಏ, ನಿಲ್ಲಿಸಿ ಮಾರಾಯ್ರೆ. ಸಾಕು, ನಿಲ್ಲಿಸಿ ಅದನ್ನ."

ಹಮೀದಾಕ ಮೇಜಿಗೆ ಅಡ್ಡ ನಿಂತರು. ಕೈಯಲ್ಲಿ ಫೋನು, ಅದರ ಕಣ್ಣು ನೆಲದ ಕಡೆಗೆ. ಹಾಸಿದ ಕೆಂಪು ಕಾರ್ಪೆಟ್ಟಿನ ಮೇಲೆ ಸಾಲುಸಾಲಾಗಿ ಬರಿಗಾಲುಗಳು. ಅವರು ಅವುಗಳ ವಿಡಿಯೊ ಮಾಡುತ್ತಿದ್ದರು.

"ಬಾಂಗಿಗೆ ನಿಲ್ಲಿಸ್ತೀರಿ, ಮುಖ್ಯ ಅತಿಥಿಗೆ ನಿಲ್ಲಿಸುವುದಿಲ್ವಾ?"

"ಅತಿಥಿಯನ್ನು ನಾನು ಅಲ್ಲಾಹನ ಜಾಗದಲ್ಲಿ ಇಡುವುದಿಲ್ಲ ಶೆಟ್ರೆ. ಹುಡುಗಿಗೆ ಮಾತು ಕೊಟ್ಟಿದ್ದೇನೆ, ಮುಗಿಯಲಿ."

ಶೆಟ್ಟರು ನನ್ನ ಕಡೆ ನೋಡಿದರು. ಶೆಟ್ಟರಿಗೆ ಮಾತು ಕೊಟ್ಟವನು ನಾನೂ ಹೌದು. ವೈರು ನನ್ನ ಕಾಲ ಬುಡದಲ್ಲೇ ಇತ್ತು. ವ್ಯಾಪಾರಿಗೆ ಮಾತೇ ಬಂಡವಾಳ ಎಂದು ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೋ. ಆದರೂ ಬಗ್ಗಿ ಅದನ್ನು ಕೀಳಲಿಲ್ಲ. ಯಾಕೆ ಎಂದು ಕೇಳಬೇಡಿ. ಹಾಡು ನನಗೆ ಹಿಡಿಸಿದ್ದರಿಂದ ಅಂತೂ ಅಲ್ಲ. ಡಾಕ್ಟರು ಕಾಲುಚೀಲದಲ್ಲಿ ಒಳಗೆ ಬಂದು, ಯಾರೂ ವೇದಿಕೆಗೆ ಕರೆಯದಿದ್ದರಿಂದ ಮಕ್ಕಳ ಸಾಲಿನ ಕೊನೆಯಲ್ಲಿ ಕೂತುಬಿಟ್ಟರು. ಹಾಡು ಪೂರ್ತಿ ಮುಗಿಯಿತು. ಆಮೇಲೆ ದೀಪ ಹಚ್ಚಿದರು.

"ಮಕ್ಕಳ ಹೆಬ್ಬೆರಳೆಲ್ಲ ಎದ್ದಿತು," ಎಂದರು ಹಮೀದಾಕ, ಸಾಮಾನು ಗಾಡಿಗೆ ಹೇರುವಾಗ. "ಅಡುಗೆಯ ಬಂಗಾಲಿಯದ್ದು ಎದ್ದಿತು. ಡಾಕ್ಟರದ್ದು ಅಲ್ಲಾಡಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ, ಅದು ದೊಡ್ಡದು."

ಬಳಗ ಸಭೆ ಸೇರಿ, ಹಮೀದ್ ಕ್ಷಮೆ ಕೇಳದೆ ಆ ಅಂಗಡಿಯ ಮೈಕು ಇನ್ನು ಬೇಡ ಎಂದು ತೀರ್ಮಾನಿಸಿತು. "ಒಂದು ಸಾರಿ ಅಂದ್ಬಿಡಿ ಹಮೀದಾಕ, ಹೋಗೋದೇನು?" ಎಂದು ನಾನು ಬುದ್ಧಿ ಹೇಳಿದೆ. "ತಪ್ಪು ಮಾಡಿದ್ದರೆ ಎರಡು ಸಲ ಹೇಳ್ತಿದ್ದೆ ರಂಗಣ್ಣ," ಎಂದರು. ಹೇಳಲಿಲ್ಲ.

ಮೋರಾಗ್ ಅಕಾರ್ಡಿಯನ್ ಮಾರಲಿಲ್ಲ. ಆ ಕಾಲುಗಳ ವಿಡಿಯೊ ಅವಳಿಗೆ ಏನು ಮಾಡಿತೋ, ಕೆಲವು ತಿಂಗಳಲ್ಲಿ ಹೊಸ ಹಾಡು ಕಟ್ಟಿದಳು. ಅದರ ಶುರುವಿಗೆ ವಿಡಿಯೊದಲ್ಲಿ ಕೂಗುವ ಆ ಗಂಡಸಿನ ದನಿ ಬೇಕು, ಅವರ ಒಪ್ಪಿಗೆ ಇಲ್ಲದೆ ಹಾಕುವುದಿಲ್ಲ ಎಂದಳು. ಹೀಗೆ ಹಮೀದಾಕ ಮತ್ತೆ ಶೆಟ್ಟರ ಬಾಗಿಲಿಗೆ ಹೋಗಬೇಕಾಯಿತು. ಕ್ಷಮೆಗಲ್ಲ, ಒಪ್ಪಿಗೆಗೆ. ನಾನೂ ಹೋದೆ, ಇಂಥ ವ್ಯಾಪಾರ ತಪ್ಪಿಸಿಕೊಳ್ಳುವವನಲ್ಲ ನಾನು.

ಶೆಟ್ಟರು ಕಿವಿಗೆ ಹಚ್ಚಿಕೊಂಡು ಕೇಳಿದರು. ಇನ್ನೊಮ್ಮೆ ಕೇಳಿದರು.

"ಇದು ಸ್ಕಾಟ್ಲೆಂಡಿನಲ್ಲಿ ಎಲ್ಲರಿಗೂ ಕೇಳ್ತದಾ?"

"ಎಲ್ಲರಿಗೂ ಅಲ್ಲ ಶೆಟ್ರೆ. ಕೇಳುವವರಿಗೆ ಕೇಳ್ತದೆ."

"ನನ್ನ ದನಿ ಸ್ವಲ್ಪ ಸಣ್ಣ ಆಯ್ತು. ಗಟ್ಟಿ ಮಾಡಲಿಕ್ಕೆ ಹೇಳಿ."

ಮರುವರ್ಷ ಕೂಟಕ್ಕೆ ಮೈಕು ನಮ್ಮದೇ. ಆದರೆ ಅದನ್ನು ನೋಡಲು ಹಮೀದಾಕ ಇರಲಿಲ್ಲ. ಮಂಡಿನೋವು ಹೆಚ್ಚಾಗಿತ್ತು, ಇಕಾಮಾ ಎಂಬ ಇಲ್ಲಿನ ವಾಸದ ಪರವಾನಗಿ ಮತ್ತೆ ನವೀಕರಿಸುವುದು ಬೇಡವೆಂದು ಅವರೇ ಊರಿಗೆ ಮರಳಿ ಹೋಗುವ ಫೈನಲ್ ಎಕ್ಸಿಟ್ ಬರೆಸಿಕೊಂಡರು. ವಿಮಾನ ನಿಲ್ದಾಣದವರೆಗೆ ನಾನೇ ಬಿಟ್ಟೆ. ಪೆಟ್ಟಿಗೆಯ ತೂಕ, ಹಗ್ಗದ ಗಂಟು, ಮಂಗಳೂರಿನಲ್ಲಿ ಟ್ಯಾಕ್ಸಿಯವನು ಕೇಳಿದ್ದರಲ್ಲಿ ಎಷ್ಟು ಇಳಿಸಬೇಕು ಎಂದು ದಾರಿಯುದ್ದಕ್ಕೂ ಬುದ್ಧಿ ಹೇಳಿದೆ. ಅವರು ಹೂಂಗುಟ್ಟಿದರು. ಒಳಗೆ ಹೋಗುವ ಬಾಗಿಲಿನಲ್ಲಿ ನಿಂತು ಕೇಳಿದರು:

"ನಾಳೆಯಿಂದ ಅಂಗಡಿಯಲ್ಲಿ ಯಾವ ಹಾಡು ಹಾಕ್ತೀರಿ ರಂಗಣ್ಣ?"

"ಗಿರಾಕಿ ಕೇಳಿದ್ದು," ಎಂದೆ, ನಗು ತಡೆದುಕೊಂಡು.

ಅವರು ನನ್ನ ಮುಖ ನೋಡಲಿಲ್ಲ. ತಲೆ ಬಗ್ಗಿಸಿ ನನ್ನ ಚಪ್ಪಲಿಯ ಕಡೆ ನೋಡಿದರು.

"ಸುಳ್ಳು," ಎಂದು ಒಳಗೆ ನಡೆದರು.

ಈಗ ಶುಕ್ರವಾರ ಬೆಳಿಗ್ಗೆ ಉಚ್ಚಿಲದಿಂದ ನನ್ನ ಫೋನಿಗೆ ಒಂದು ಹಾಡು ಬರುತ್ತದೆ. ಮಾತಿಲ್ಲ, ಹಾಡು ಮಾತ್ರ. ಯಾರೂ ಕೇಳದ ಯಾರದೋ ಹಾಡು. ಹೆಚ್ಚಿನವು ನನಗೆ ಇವತ್ತಿಗೂ ಅಷ್ಟಕ್ಕಷ್ಟೆ. ವಾರವಿಡೀ ಅದನ್ನೇ ಹಚ್ಚುತ್ತೇನೆ. ಅವಸರದ ಗಿರಾಕಿ ಬಂದರೆ ಮಾತ್ರ ಬೇಕೆಂದೇ ಮೋರಾಗ್‌ಳ ಆ ಹೊಸ ಹಾಡನ್ನು ಹಾಕುತ್ತೇನೆ. ಕರಾವಳಿಯವರಾಗಿದ್ದರೆ ಬೆಚ್ಚಿ ತಿರುಗಿ ನೋಡುತ್ತಾರೆ. "ಏ, ನಿಲ್ಲಿಸಿ ಮಾರಾಯ್ರೆ. ಸಾಕು, ನಿಲ್ಲಿಸಿ ಅದನ್ನ," ಎಂದು ಸ್ಪೀಕರಿನಿಂದ ಶೆಟ್ಟರು ಗಟ್ಟಿಯಾಗಿ ಕೂಗುತ್ತಾರೆ. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಡ್ರಮ್ಮು ಶುರುವಾಗುತ್ತದೆ.